ದುಡಿಮೆ ಬೇಕು, ದುಡಿಯುವವರು ಬೇಡವೇ?



ಕಳೆದ ತಿಂಗಳು ಒಂದು ಭಾನುವಾರ ಬೆಂಗಳೂರಿನ ಕೃಷ್ಣರಾಜಪುರದ ಕಡೆ ಬಸವಭಕ್ತರು ಸೇರಿ ನಡೆಸುವ ಅನುಭಾವ ಗೋಷ್ಠಿಗೆ ಹೋಗಿದ್ದೆ. ಸಾಮೂಹಿಕ ಇಷ್ಟಲಿಂಗ ಪೂಜೆ, ವಚನ ಚಿಂತನೆ ಮುಗಿದು ಪ್ರಸಾದಕ್ಕೆ ಕುಳಿತಾಗ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು ಹೇಳಿದರು: "ನೀವು ಪತ್ರಿಕೆಯಲ್ಲಿ ಎಲ್ಲ ಬರೆಯುತ್ತೀರಿ, ಈ ವಲಸಿಗರ ವಿಷಯ ಯಾಕೆ ಬರೆಯುವುದಿಲ್ಲ? ಹೊರಗಿನವರು ಬಂದು ಊರೇ ಕೆಟ್ಟುಹೋಯಿತು. ನೀರಿಲ್ಲ, ಬಾಡಿಗೆ ಮುಟ್ಟುವ ಹಾಗಿಲ್ಲ, ಅಂಗಡಿಗೆ ಹೋದರೆ ಕನ್ನಡ ಕಿವಿಗೆ ಬೀಳುವುದಿಲ್ಲ." ಸುತ್ತ ಕುಳಿತವರು ಹೌದು ಹೌದೆಂದು ತಲೆದೂಗಿದರು. ತಮ್ಮ ಊರು ಯಾವುದೆಂದು ನಾನು ಕೇಳಿದೆ. ಹಾವೇರಿ ಜಿಲ್ಲೆ, 1981ರಲ್ಲಿ ಕೆಲಸ ಸಿಕ್ಕಿ ಬಂದವರು. ಪಕ್ಕದವರದು ದಾವಣಗೆರೆ, ಅದರಾಚೆಯವರದು ಬೀದರ್. "ಇಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು ಎಷ್ಟು ಜನ? ಕೈ ಎತ್ತಿ" ಎಂದೆ. ನಲವತ್ತು ಜನರಲ್ಲಿ ಆರು ಕೈಗಳು ಮೇಲೆದ್ದವು. ಆರರಲ್ಲಿ ಐದು ಮಕ್ಕಳವು. ಎಲ್ಲರೂ ನಕ್ಕರು, ಕೇಳಿದ ಹಿರಿಯರೂ ನಕ್ಕರು. ಆದರೆ ಅವರ ಪ್ರಶ್ನೆ ನಗುವಿನಲ್ಲಿ ಮುಗಿದುಹೋಗುವಂಥದಲ್ಲ.

ಕೈ ತೊಳೆಯಲು ಭವನದ ಹಿಂಬದಿಗೆ ಹೋದಾಗ ನಲ್ಲಿಯಿಂದ ಸ್ವಲ್ಪ ದೂರದಲ್ಲಿ ಒಬ್ಬ ಹೆಣ್ಣುಮಗಳು ಎರಡು ಖಾಲಿ ಕೊಡ ಹಿಡಿದು ನಿಂತಿದ್ದಳು. ಪಕ್ಕದಲ್ಲೇ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಅದರ ಬುಡದಲ್ಲಿ ಸಾಲಾಗಿ ತಗಡಿನ ಶೆಡ್‌ಗಳು. ಕಾರ್ಯಕ್ರಮ ಮುಗಿಯುವವರೆಗೆ ನೀರಿಗೆ ಬರಬೇಡ ಎಂದು ನಮ್ಮ ಭವನದ ಕಾವಲುಗಾರ ಹೇಳಿದ್ದನಂತೆ. ಯಾವ ಊರಮ್ಮ ಎಂದು ಕೇಳಿದೆ. "ಲಿಂಗಸುಗೂರ ಕಡಿಯವ್ರ್ರೀ ಸರ. ಎರಡ ವರ್ಷ ಮಳಿ ಕೈ ಕೊಡ್ತು, ಸಾಲಾ ಆತು, ಬಂದ್ವಿ. ನಮ್ಮನಿಯವ್ರು ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾರ, ನಾ ಇಟ್ಟಂಗಿ ಹೊರತೀನಿ" ಎಂದಳು. ಆ ಊರಿನ ಹೆಸರು ಕೇಳಿದ ಕೂಡಲೇ ಉಂಡ ಪ್ರಸಾದ ಗಂಟಲಲ್ಲೇ ನಿಂತಂತಾಯಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಹಿರಿಯರ ಪ್ರಶ್ನೆಗೆ ಉತ್ತರಿಸಬೇಕು.

ಬೆಂಗಳೂರಿನ ಪೂರ್ವಭಾಗದ ಕಥೆಯೇ ವಲಸೆಯ ಕಥೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿಯ ಹವೆ ಒಗ್ಗದೆ 1809ರ ಹೊತ್ತಿಗೆ ಹಲಸೂರಿನ ಬಳಿ ದಂಡು ಪ್ರದೇಶ ಕಟ್ಟಿಕೊಂಡಿತು. ಹಲಸೂರು ಅದಕ್ಕೂ ಬಹಳ ಹಿಂದಿನ ಊರು. ಅಲ್ಲಿಯ ಸೋಮೇಶ್ವರ ದೇಗುಲವೇ ಅದಕ್ಕೆ ಸಾಕ್ಷಿ. ಸೇನೆ ಬಂದರೆ ಸೇನೆಗೆ ಅಕ್ಕಿ, ಬಟ್ಟೆ, ಹುಲ್ಲು, ಚರ್ಮ, ಕಟ್ಟಡ ಎಲ್ಲ ಬೇಕು. ಇದನ್ನೆಲ್ಲ ಒದಗಿಸಲು ಮದ್ರಾಸು ಪ್ರಾಂತ್ಯದಿಂದ ತಮಿಳು, ತೆಲುಗು ಮಾತನಾಡುವ ವರ್ತಕರು, ಗುತ್ತಿಗೆದಾರರು, ಕಲ್ಲುಕುಟಿಗರು, ಅಡುಗೆಯವರು, ಕೂಲಿಗಳು ಬಂದರು. ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಳ್ಳಿ. ನಮ್ಮ ಹೈಕೋರ್ಟು ಇರುವ ಅಠಾರಾ ಕಚೇರಿಯನ್ನು 1860ರ ದಶಕದಲ್ಲಿ ಗುತ್ತಿಗೆ ಹಿಡಿದು ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಅವರು ಗಳಿಸಿದ ಹಣವನ್ನು ಗಂಟು ಕಟ್ಟಿ ಊರಿಗೆ ಒಯ್ಯಲಿಲ್ಲ. ಅವರು 1873ರಲ್ಲಿ ಆರಂಭಿಸಿದ ಶಾಲೆ ಹಲಸೂರು ಕೆರೆಯ ಸಮೀಪ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಇನ್ನೊಂದು ಮಾತನ್ನೂ ಮರೆಯಬಾರದು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷರ ಬಳಿಯೇ ಉಳಿಯಿತು. ಕಬ್ಬನ್ ಪಾರ್ಕಿನ ಆಚೆ ಒಂದು ಊರು, ಈಚೆ ಇನ್ನೊಂದು ಊರು. ಆಡಳಿತ ಬೇರೆ, ಮಾತು ಬೇರೆ, ಮಾರುಕಟ್ಟೆ ಬೇರೆ. 1947ರಲ್ಲಿ ಅದು ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಊರು ಸೇರಿ ಒಂದೇ ನಗರಪಾಲಿಕೆಯಾಯಿತು. ಶಿವಾಜಿನಗರ, ಹಲಸೂರುಗಳಲ್ಲಿ ಕನ್ನಡ ಯಾಕೆ ಸೊರಗಿತು ಎಂದು ಕೇಳುವವರು ಈ ಇತಿಹಾಸ ತಿಳಿದಿರಬೇಕು. ಅದು ಬಡ ತಮಿಳು ಕೂಲಿಯ ಹಟದಿಂದ ಆದದ್ದಲ್ಲ. ಕನ್ನಡ ಬೇಕಿಲ್ಲದ ಆಡಳಿತವೊಂದು ಬಹುಕಾಲ ಅಲ್ಲಿ ನಡೆದದ್ದರಿಂದ ಆದದ್ದು. ಬಂದವನು ಯಾವ ಭಾಷೆ ಕಲಿಯುತ್ತಾನೆ ಎಂಬುದನ್ನು ಅವನ ಮನಸ್ಸು ಎಷ್ಟು ತೀರ್ಮಾನಿಸುತ್ತದೆಯೋ ಅಷ್ಟೇ ಊರಿನ ವ್ಯವಸ್ಥೆಯೂ ತೀರ್ಮಾನಿಸುತ್ತದೆ.

ಆಮೇಲೆ ಕಾರ್ಖಾನೆಗಳು ಬಂದವು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ. ಅದರ ಸುತ್ತ ಎದ್ದ ಊರೇ ದೂರವಾಣಿನಗರ. ಕೇರಳ, ತಮಿಳುನಾಡು, ಆಂಧ್ರಗಳಿಂದ ಬಂದ ಹಾಗೆಯೇ ನಮ್ಮ ಉತ್ತರ ಕರ್ನಾಟಕದಿಂದಲೂ ಜನ ಬಂದರು. ಅವರಲ್ಲಿ ನನ್ನ ತಂದೆಯವರೂ ಒಬ್ಬರು. 1962ರಲ್ಲಿ ಬಿಜಾಪುರ ಜಿಲ್ಲೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಬುತ್ತಿಗಂಟು ಹಿಡಿದು ಬಂದಿಳಿದರು. ಮೊದಲ ಕೆಲವು ರಾತ್ರಿ ರೈಲು ನಿಲ್ದಾಣದ ಎದುರಿನ ತೋಟದಪ್ಪನವರ ಛತ್ರದಲ್ಲಿ ಕಳೆದರಂತೆ. ಗುಬ್ಬಿಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಬೆಳೆದ ಮನೆತನದ ಗುಬ್ಬಿ ತೋಟದಪ್ಪನವರು, ತಮ್ಮಂತೆ ಊರು ಬಿಟ್ಟು ಬರುವವರಿಗೆ ತಲೆ ಮೇಲೊಂದು ಸೂರಿರಲಿ ಎಂದು 1903ರಲ್ಲೇ ಆ ಧರ್ಮಛತ್ರ ಕಟ್ಟಿಸಿದ್ದರು. ವಲಸೆ ಬಂದ ಲಿಂಗಾಯತ ವರ್ತಕನೊಬ್ಬ ವಲಸೆ ಬರುವವರಿಗಾಗಿ ಮಾಡಿದ ದಾಸೋಹ ಅದು.

ಛತ್ರದಿಂದ ಹೊರಟ ತಂದೆಯವರು ಮನೆ ಹುಡುಕುತ್ತ ತಿಂಗಳುಗಟ್ಟಲೆ ಅಲೆದರು. ಒಂಟಿ ಗಂಡಸಿಗೆ ಕೊಡುವುದಿಲ್ಲ ಎಂದರು ಕೆಲವರು. ಇವರ ಮಾತಿನ ಧಾಟಿ ಕೇಳಿ ನಕ್ಕರು ಕೆಲವರು. ಕೊನೆಗೆ ಕೋಣೆ ಕೊಟ್ಟವರು ಹಲಸೂರಿನ ಒಬ್ಬ ತಮಿಳು ಅಜ್ಜಿ. ಆಕೆಗೆ ಕನ್ನಡ ಅಷ್ಟಕ್ಕಷ್ಟೇ, ಇವರಿಗೆ ತಮಿಳು ಇಲ್ಲವೇ ಇಲ್ಲ. ಆದರೆ ಬೆಳಗಿನ ಪೂಜೆಗೆ ಇವರಿಗೆ ಮಡಿನೀರು ಬೇಕೆಂಬುದನ್ನು ಆಕೆ ನಾಲ್ಕೇ ದಿನದಲ್ಲಿ ತಿಳಿದುಕೊಂಡರು. ಬೀದಿ ನಲ್ಲಿಯಲ್ಲಿ ನೀರು ಬಂದ ಕೂಡಲೇ ತುಂಬಿದ ಮೊದಲ ಚೊಂಬನ್ನು ಇವರ ಬಾಗಿಲಲ್ಲಿ ಮುಚ್ಚಿಟ್ಟು ಆಮೇಲೆ ತಮ್ಮ ಮನೆಗೆ ಒಯ್ಯುತ್ತಿದ್ದರಂತೆ. ಆಕೆಯ ಹಿರಿಯರು ದಂಡಿನ ಜತೆ ಬಂದವರು. ಒಂದು ಕಾಲಕ್ಕೆ ಅವರೂ ಹೊಸಬರು. ತಂದೆಯವರು ಸಾಯುವವರೆಗೂ ಇಷ್ಟಲಿಂಗಕ್ಕೆ ಕೈ ಮುಗಿದ ಮೇಲೆ ಆ ಅಜ್ಜಿಯನ್ನೊಮ್ಮೆ ನೆನೆಯುತ್ತಿದ್ದರು.

ಇಂಥ ತಂದೆಯ ಮಗ ನಾನೇನು ಮಾಡಿದೆ? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. 2013ರಲ್ಲಿ ನಮ್ಮ ಮಹಡಿ ಮನೆ ಖಾಲಿಯಾಗಿತ್ತು. ಈಶಾನ್ಯ ರಾಜ್ಯದ ಗಂಡ ಹೆಂಡತಿ ಕೇಳಿಕೊಂಡು ಬಂದರು. ಇಬ್ಬರೂ ದುಡಿಯುವವರು, ಅಡ್ವಾನ್ಸ್ ಹಣ ಕೈಯಲ್ಲೇ ಹಿಡಿದು ಬಂದಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ, "ನೀವು ಏನು ಊಟ ಮಾಡುತ್ತೀರಿ?" ಎರಡನೆಯ ಪ್ರಶ್ನೆ ಕೇಳಲೇ ಇಲ್ಲ. "ಮನೆ ಬೇರೆಯವರಿಗೆ ಆಗಿಹೋಯಿತು" ಎಂದೆ. ಟು-ಲೆಟ್ ಬೋರ್ಡು ಗೇಟಿನಲ್ಲಿ ನೇತಾಡುತ್ತಲೇ ಇತ್ತು. ಆ ಹುಡುಗಿ ಬೋರ್ಡನ್ನೂ ನೋಡಿದಳು, ನನ್ನ ಹಣೆಯ ವಿಭೂತಿಯನ್ನೂ ನೋಡಿದಳು. "ಥ್ಯಾಂಕ್ಯೂ ಅಂಕಲ್" ಎಂದು ಹೇಳಿ ಹೊರಟರು.

ಅದಕ್ಕೆ ಹಿಂದಿನ ವರ್ಷವೇ ಈ ನಗರ ಒಂದು ಪಾಠ ಕಲಿತಿತ್ತು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ಹಲ್ಲೆಯಾಗುತ್ತದೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿ, ಕೆಲವೇ ದಿನಗಳಲ್ಲಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಹೋಟೆಲುಗಳಲ್ಲಿ ಬಡಿಸುವವರಿಲ್ಲ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಕಾಯುವವರಿಲ್ಲ. ಅವರು ಇದ್ದಾಗ ಕಾಣದ ಮುಖಗಳು ಇಲ್ಲವಾದಾಗ ಕಂಡವು. 2020ರಲ್ಲಿ ಮತ್ತೆ ಅದೇ ಪಾಠ. ಲಾಕ್‌ಡೌನ್ ಆಗಿ ಕೂಲಿ ನಿಂತು, ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದೇ ಊರಿಗೆ ಹೊರಟರು. ಆ ಮೇ ತಿಂಗಳಲ್ಲಿ, ಕಟ್ಟಡ ನಿರ್ಮಾಣ ಉದ್ಯಮದವರ ಜತೆ ಸಭೆ ನಡೆದ ಬೆನ್ನಿಗೇ, ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ನಾಡಿನ ತುಂಬ ಟೀಕೆ ಎದ್ದಮೇಲೆ ಕೆಲವೇ ದಿನಗಳಲ್ಲಿ ಆ ತೀರ್ಮಾನ ಹಿಂದೆಗೆಯಿತು. ಇರುವಾಗ "ಹೊರೆ" ಎನ್ನುತ್ತೇವೆ, ಹೊರಟರೆ "ಬಿಡಬೇಡಿ" ಎನ್ನುತ್ತೇವೆ. ಇವೆರಡರಲ್ಲಿ ಒಂದು ಮಾತು ಸುಳ್ಳಾಗಿರಲೇಬೇಕು.

ಹಾಗೆಂದು ಹಿರಿಯರ ದೂರುಗಳನ್ನು ನಾನು ತಳ್ಳಿಹಾಕುವುದಿಲ್ಲ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷ. 2011ಕ್ಕೆ ಅದು 96 ಲಕ್ಷ. ಹತ್ತು ವರ್ಷದಲ್ಲಿ ಒಂದು ಊರು ಅರ್ಧದಷ್ಟು ಬೆಳೆದರೆ ನೋವಾಗದೆ ಇರುತ್ತದೆಯೇ? ಒಂದೊಂದಾಗಿ ನೋಡೋಣ.

ನೀರಿನ ಮಾತು. ಕೃಷ್ಣರಾಜಪುರ, ಮಹದೇವಪುರಗಳ ಜತೆ ಸುತ್ತಲಿನ 110 ಹಳ್ಳಿಗಳನ್ನು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಿದರು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ಆ ಹದಿನೇಳು ವರ್ಷ ಲೇಔಟುಗಳಿಗೆ ಅನುಮತಿ ಸಿಕ್ಕಿತು, ಅಪಾರ್ಟ್‌ಮೆಂಟುಗಳಿಗೆ ಅನುಮತಿ ಸಿಕ್ಕಿತು, ತೆರಿಗೆ ವಸೂಲಾಯಿತು. ನೀರಿಗೆ ಮಾತ್ರ ಬೋರ್‌ವೆಲ್ಲೇ ಗತಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಇದರಲ್ಲಿ ಎರಡು ಕೊಡ ಹಿಡಿದು ನಿಂತ ಹೆಣ್ಣುಮಗಳ ತಪ್ಪೇನು? ಇದೇ ಕೃಷ್ಣರಾಜಪುರದಾಚೆ ಹಳೇ ಮದ್ರಾಸು ರಸ್ತೆಯ ಪಕ್ಕ ದೊಡ್ಡದೊಂದು ಕೆರೆಯಿದೆ. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಆ ಕೆರೆಗೆ ಸುರಿದ ಎಲೆ ಮಲ್ಲಪ್ಪ ಶೆಟ್ಟರ ಹೆಸರು ಅದಕ್ಕಿದೆ. ಊರು ಬೆಳೆಯುವಾಗ ನೀರಿನ ಚಿಂತೆ ಮೊದಲು ಮಾಡಬೇಕೆಂದು ಒಬ್ಬ ಎಲೆ ವ್ಯಾಪಾರಿಗೆ ಹೊಳೆದದ್ದು ನಮ್ಮ ಯೋಜನಾ ಇಲಾಖೆಗಳಿಗೆ ಹೊಳೆಯಲಿಲ್ಲ.

ಬಾಡಿಗೆಯ ಮಾತು. ಬಾಡಿಗೆ ಏರಿದ್ದು ನಿಜ. ಆದರೆ ಏರಿದ ಬಾಡಿಗೆ ಯಾರ ಜೇಬಿಗೆ ಹೋಯಿತು? ಇಂದಿರಾನಗರದಲ್ಲಿ ಸೈಟು ಇದ್ದವರ, ವೈಟ್‌ಫೀಲ್ಡ್ ರಸ್ತೆಯಲ್ಲಿ ಹೊಲ ಇದ್ದವರ, ಮಹಡಿ ಮೇಲೆ ಮಹಡಿ ಎತ್ತಿ ಪಿ.ಜಿ. ನಡೆಸುವವರ ಜೇಬಿಗೆ. ಅವರಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಹೊಸಬರು ಬಂದದ್ದರಿಂದ ಮನೆಯಿದ್ದವನು ಗೆದ್ದ, ಮನೆಯಿಲ್ಲದವನು ಸೋತ. ಸೋತವರಲ್ಲಿ ಹಳಬರಾದ ಬಡವರೂ ಇದ್ದಾರೆ, ಹೊಸಬರಾದ ಬಡವರೂ ಇದ್ದಾರೆ. ಗೆದ್ದವರು ಸೋತವರನ್ನು ಪರಸ್ಪರ ಎತ್ತಿಕಟ್ಟಿ ದೂರ ನಿಂತಿದ್ದಾರೆ.

ಕೂಲಿಯ ಮಾತು. ಒಡಿಶಾ, ಬಿಹಾರ, ಬಂಗಾಳದವರು ಕಡಿಮೆ ಕೂಲಿಗೆ ಬರುತ್ತಾರೆ, ನಮ್ಮ ರಾಯಚೂರು ಕಲಬುರಗಿಯವರಿಗೆ ಕೆಲಸ ತಪ್ಪುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಅವರು ಕಡಿಮೆ ಕೂಲಿಗೆ ಯಾಕೆ ಒಪ್ಪುತ್ತಾರೆ? ಭಾಷೆ ಬಾರದು, ಕೇಳುವವರಿಲ್ಲ, ಮೇಸ್ತ್ರಿಯ ಸಾಲದಲ್ಲಿ ಸಿಕ್ಕಿದ್ದಾರೆ, ಮಲಗುವ ಶೆಡ್ಡೂ ಅವನದೇ. ಪಕ್ಕದವನ ಬೆವರು ಅಗ್ಗವಾದರೆ ನಮ್ಮ ಬೆವರೂ ಅಗ್ಗವಾಗುತ್ತದೆ. ಪಕ್ಕದವನನ್ನು ಓಡಿಸುವುದರಿಂದ ಇದು ಸರಿಹೋಗುವುದಿಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ ಸಿಕ್ಕಾಗ ಸರಿಹೋಗುತ್ತದೆ. ಹೊರರಾಜ್ಯದ ಕಾರ್ಮಿಕನಿಗೆ ಸ್ಥಳೀಯನಿಗಿಂತ ಕಡಿಮೆ ಕೂಲಿ ಕೊಡಬಾರದು, ಇರಲು ಯೋಗ್ಯ ವಸತಿ ಕೊಡಬೇಕು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತು. ಕಟ್ಟಡದ ವೆಚ್ಚದಲ್ಲಿ ಶೇಕಡ 1ರಷ್ಟು ಸೆಸ್ ತೆಗೆದು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಿಡುವ ಕಾನೂನು 1996ರಲ್ಲಿ ಬಂತು. ಕಾನೂನಿಗೆ ಬರವಿರಲಿಲ್ಲ, ಅದನ್ನು ಓದಿ ಹೇಳುವವರಿಗೆ, ನಡೆಸಿಕೊಡಿ ಎಂದು ಕೇಳುವವರಿಗೆ ಬರ.

ಕನ್ನಡಿಗರಿಗೆ ಉದ್ಯೋಗದ ಮಾತು. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿಯಿತು. ನೆಲ, ನೀರು, ವಿದ್ಯುತ್ತು ಈ ನಾಡಿನದಾದಾಗ ಈ ನಾಡಿನ ಮಕ್ಕಳಿಗೆ ನ್ಯಾಯವಾದ ಪಾಲು ಬೇಕೆಂಬುದರಲ್ಲಿ ತಪ್ಪಿಲ್ಲ. ಅದನ್ನು ಕೇಳಬೇಕಾದದ್ದು ಗಾಜಿನ ಕಟ್ಟಡದ ಒಳಗೆ ಕುಳಿತವರನ್ನು. ನಾವು ಕೇಳುವುದು ಹೊರಗೆ ಗಾಜು ಒರೆಸುವವನನ್ನು.

ಈ ಗೊಂದಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಒಂದು ನಿದರ್ಶನ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಬಾಂಗ್ಲಾದೇಶದಿಂದ ನುಸುಳಿದವರು ಎಂದು ಹೇಳಿ ಶೆಡ್‌ಗಳನ್ನು ಕೆಡವಿದರು. ಸೂರು ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾ, ಬಂಗಾಳದ ಭಾರತೀಯರಿದ್ದರು; ನಮ್ಮ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟು ಮಧ್ಯೆ ಬಂದು ತಡೆಯಬೇಕಾಯಿತು. ಗಡಿ ದಾಟಿ ಅಕ್ರಮವಾಗಿ ಬಂದವರಿದ್ದರೆ ಅವರನ್ನು ಗುರುತಿಸಲು ಕಾನೂನಿದೆ, ನ್ಯಾಯಾಲಯವಿದೆ. ಸರ್ಕಾರ ಆ ದಾರಿಯಲ್ಲಿ ನಡೆಯಲಿ. ಆದರೆ ಬುಲ್ಡೋಜರಿಗೆ ಭಾಷೆ ತಿಳಿಯುವುದಿಲ್ಲ. ತಗಡಿನ ಶೆಡ್ಡಿನಲ್ಲಿರುವವನು ಹೊರಗಿನವನೇ ಎಂದು ಒಮ್ಮೆ ನಂಬಿದ ಮೇಲೆ ಅದರಡಿ ಸಿಗುವವಳು ಲಿಂಗಸುಗೂರಿನ ಹೆಣ್ಣುಮಗಳೂ ಆಗಬಹುದು.

ಇಲ್ಲಿ ನಮ್ಮ ಧರ್ಮದ ಮಾತಿಗೆ ಬರುತ್ತೇನೆ. ಕಲ್ಯಾಣ ಯಾರ ಊರು? ಬಸವಣ್ಣನವರು ಬಾಗೇವಾಡಿಯ ಕಡೆಯವರು. ಕೂಡಲಸಂಗಮಕ್ಕೆ ಹೋದರು, ಮಂಗಳವೇಢೆಗೆ ಹೋದರು, ಕಲ್ಯಾಣಕ್ಕೆ ಬಂದರು. ಅಲ್ಲಮಪ್ರಭುಗಳು ಬಳ್ಳಿಗಾವಿಯಿಂದ, ಅಕ್ಕಮಹಾದೇವಿ ಉಡುತಡಿಯಿಂದ, ಸಿದ್ಧರಾಮರು ಸೊನ್ನಲಿಗೆಯಿಂದ, ಆದಯ್ಯ ಸೌರಾಷ್ಟ್ರದಿಂದ ಬಂದರು. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆ ಮಾರಿದರೆಂದೂ, ಮರುಳಶಂಕರದೇವ ಅಫ್ಘಾನ್ ನಾಡಿನಿಂದ ಬಂದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅನುಭವ ಮಂಟಪದ ಬಾಗಿಲಲ್ಲಿ ಊರು, ಭಾಷೆ, ಕುಲ ಕೇಳಿ ಒಳಗೆ ಬಿಡುವ ಪದ್ಧತಿ ಇದ್ದಿದ್ದರೆ ಅದು ಖಾಲಿ ಮಂಟಪವಾಗಿ ಉಳಿಯುತ್ತಿತ್ತು. ಬಂದವರನ್ನು ಕೇಳಿದ ಪ್ರಶ್ನೆ ಒಂದೇ: ನಿನ್ನ ಕಾಯಕವೇನು?

ಲಿಂಗಸುಗೂರಿನ ಹೆಸರು ಕೇಳಿ ನಾನು ತಡವರಿಸಿದ ಕಾರಣವೂ ಇದೇ. ಆ ತಾಲ್ಲೂಕಿನ ಅಮರೇಶ್ವರದಿಂದಲೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಬಂದದ್ದು. ಗುಡಿಸಿಲು ಹಾಕಿಕೊಂಡು, ಶರಣರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕದ ಪಾಲಲ್ಲ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಕಳುಹಿಸಿದವಳು ಲಕ್ಕಮ್ಮ. ದೂರದಿಂದ ಬಂದ ಬಡ ಹೆಣ್ಣುಮಗಳು ಇಡೀ ಕಲ್ಯಾಣಕ್ಕೆ ಆಸೆಯ ಮಿತಿ ಕಲಿಸಿದಳು. ಕಲ್ಯಾಣ ತಲೆಬಾಗಿ ಕಲಿಯಿತು. ಅದೇ ಸೀಮೆಯ ದಂಪತಿ ಇಂದು ನಮ್ಮ ಭವನದ ಹಿಂದೆ ಇದ್ದಾರೆ. ನಾವು ಒಳಗೆ ಲಕ್ಕಮ್ಮನ ವಚನ ಚಿಂತನೆ ಮಾಡುತ್ತಿದ್ದಾಗ ಆಕೆ ಹೊರಗೆ ನೀರಿಗಾಗಿ ಕಾಯುತ್ತಿದ್ದಳು.

ಕಲ್ಯಾಣ ಕೆಟ್ಟ ಮೇಲೆ ಶರಣರೇ ವಲಸಿಗರಾದರು. ಚೆನ್ನಬಸವಣ್ಣನವರ ಜತೆ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ನಡೆದರು. ದಾರಿಯ ಊರುಗಳಲ್ಲಿ ಯಾರೂ ಬಾಗಿಲು ತೆರೆಯದೆ ಹೋಗಿದ್ದರೆ ನಾವು ಇಂದು ಓದುತ್ತಿರುವ ವಚನಗಳು ಉಳಿಯುತ್ತಿದ್ದವೇ? ಇಂದಿಗೂ ನಮ್ಮವರು ಹೊರಗೆ ಅತಿಥಿಗಳೇ. ವಿಜಯಪುರ, ಬಾಗಲಕೋಟೆ, ಗದಗಿನ ಕೂಲಿಗಳು ಗೋವಾದಲ್ಲಿ ಹೀಯಾಳಿಕೆ ಕೇಳುತ್ತಾರೆ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆ ಉರುಳಿದಾಗ ನಾವೆಲ್ಲ ಕಣ್ಣೀರಿಟ್ಟೆವು. ಅಮೆರಿಕಕ್ಕೆ ಹೋದ ನಮ್ಮ ಮಕ್ಕಳು 1970ರ ದಶಕದಲ್ಲೇ ಅಲ್ಲಿ ವೀರಶೈವ ಸಮಾಜ ಕಟ್ಟಿಕೊಂಡರು. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಾಗ ಎಷ್ಟು ಹೆಮ್ಮೆಪಟ್ಟೆವು! ಪರದೇಶದವರು ತಮ್ಮ ನದಿಯ ದಂಡೆಯಲ್ಲಿ ನಮ್ಮ ಗುರುವಿಗೆ ಜಾಗ ಕೊಟ್ಟರು. ನಮ್ಮ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತು. 1991ರ ಕಾವೇರಿ ಗಲಭೆಯಲ್ಲಿ ಈ ನಗರದ ತಮಿಳರು ಪಟ್ಟ ಪಾಡಿನ ನೆನಪೂ ಆ ಮುಸುಕಿನಡಿಯೇ ಇತ್ತು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು; ನಾಲ್ಕೇ ದಿನಕ್ಕೆ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಕೊಟ್ಟ ಗೌರವ ತಿರುಗಿ ಬಂತು.

ಬಂದವರಿಗೂ ಧರ್ಮವಿದೆ. ಉಂಡ ನೆಲದ ನುಡಿ ಕಲಿಯುವುದು ಋಣ ತೀರಿಸುವ ಮೊದಲ ಮೆಟ್ಟಿಲು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಈ ಆತಂಕ ನನ್ನದೂ ಹೌದು. ಆದರೆ ನಾನು ಕಂಡಂತೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹೂವಾಡಗಿತ್ತಿ, ಆಟೋ ಓಡಿಸುವವನು, ತಳ್ಳುಗಾಡಿಯವನು ಮೂರು ತಿಂಗಳಲ್ಲಿ ಕನ್ನಡ ಕಲಿಯುತ್ತಾರೆ, ಹೊಟ್ಟೆಪಾಡು ಕಲಿಸುತ್ತದೆ. ಹತ್ತು ವರ್ಷವಿದ್ದೂ ಕಲಿಯದವರು ಹೆಚ್ಚಾಗಿ ಉಳ್ಳವರು. ಅವರೊಡನೆ ಮಾತಿಗೆ ಮುಂಚೆ ಕನ್ನಡ ಬಿಟ್ಟುಕೊಡುವವರು ನಾವು. ಹೊಡೆದು, ಬೈದು ಕಲಿಸಿದ ನುಡಿ ನಾಲಗೆಯಲ್ಲಿ ನಿಲ್ಲುವುದಿಲ್ಲ. ಕೂರಿಸಿ ಕಲಿಸಬೇಕು.

ಆದ್ದರಿಂದ ಓದುಗರ ಮುಂದೆ, ಮಠಾಧೀಶರ ಮುಂದೆ, ಸಮಾಜದ ಸಂಘಗಳ ಮುಂದೆ ಕೆಲವು ಬಿನ್ನಹಗಳನ್ನಿಡುತ್ತೇನೆ. ಬೆಂಗಳೂರಿನ ಪೂರ್ವಭಾಗದಲ್ಲಿರುವ ನಮ್ಮ ಭವನಗಳು ವಾರದ ಆರು ದಿನ ಬೀಗ ಹಾಕಿಕೊಂಡಿರುತ್ತವೆ. ಸಂಜೆ ಎರಡು ಗಂಟೆ ತೆರೆದು ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕನ್ನಡ, ಲೆಕ್ಕ ಹೇಳಿಕೊಡೋಣ; ನಿವೃತ್ತ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು ಜಾತಿ ಕೇಳದೆ ನಡೆಸಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ಕೊಂಡಾಡಿದರಷ್ಟೇ ಸಾಲದು. ನಮ್ಮಲ್ಲಿ ವಕೀಲರಿದ್ದಾರೆ, ತಿಂಗಳಿಗೊಂದು ಭಾನುವಾರ ಶೆಡ್ಡುಗಳಿಗೆ ಹೋಗಿ ಕಲ್ಯಾಣ ಮಂಡಳಿಯ ನೋಂದಣಿ, ಪಡಿತರ, ಕೂಲಿಯ ಹಕ್ಕು ತಿಳಿಸಲಿ. ನಮ್ಮಲ್ಲಿ ಬಿಲ್ಡರುಗಳಿದ್ದಾರೆ, ಒಂದು ಅಂತಸ್ತು ಏರಿಸುವ ಮುಂಚೆ ಕೆಲಸಗಾರರಿಗೆ ನೀರು, ಶೌಚಾಲಯ, ಗಾಳಿಯಾಡುವ ಸೂರು ಮಾಡಲಿ. ದುಡಿಸಿಕೊಂಡು ಸೂರು ಕೊಡದವನ ದಾಸೋಹವನ್ನು ಮಠಗಳು ಒಪ್ಪಬಾರದು.

ಇನ್ನು ಮನೆ ಮಾಲೀಕರು. ಇದು ಕಷ್ಟದ ಮಾತೆಂದು ಗೊತ್ತು. ನಮ್ಮ ಅಡುಗೆಮನೆಯಲ್ಲಿ ನಮ್ಮ ಆಚಾರ ನಡೆಯಲಿ. ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಬಾಡಿಗೆ ಪಡೆದವನ ತಟ್ಟೆಯನ್ನು, ಅವನ ಕುಲವನ್ನು ಬಾಗಿಲಲ್ಲೇ ವಿಚಾರಿಸುವವನು ಬಸವಣ್ಣನವರು ಮುರಿದ ಗೋಡೆಯನ್ನು ತಿಂಗಳ ಬಾಡಿಗೆಗೆ ಮತ್ತೆ ಕಟ್ಟುತ್ತಿದ್ದಾನೆ. ಶುಚಿಯಾಗಿರುತ್ತೀರಾ, ಸಮಯಕ್ಕೆ ಬಾಡಿಗೆ ಕೊಡುತ್ತೀರಾ ಎಂದು ಕೇಳೋಣ. ಅಷ್ಟು ಸಾಕು. ನಾನೀಗ ಅಷ್ಟೇ ಕೇಳುತ್ತೇನೆ. ಕಳೆದ ಆರು ವರ್ಷಗಳಿಂದ ನಮ್ಮ ಮಹಡಿಯಲ್ಲಿ ಒಡಿಶಾದ ಕುಟುಂಬವಿದೆ. ಅವರ ಮಗಳು ಈ ಸಲ ಶಾಲೆಯಲ್ಲ��� ಬಸವ ಜಯಂತಿಗೆ ಕನ್ನಡದಲ್ಲಿ ಭಾಷಣ ಮಾಡಿದಳು. 2013ರಲ್ಲಿ ತಿರುಗಿ ಹೋದ ಆ ಇಬ್ಬರು ಎಲ್ಲಿದ್ದಾರೋ ತಿಳಿಯದು. ಅವರಿಗೆ ಹೇಳಬೇಕಾದ ಕ್ಷಮೆಯನ್ನು ಇಲ್ಲಿ, ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಆ ಭಾನುವಾರದ ಗೋಷ್ಠಿಯ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಭವನದ ಹಿಂದಿನ ನಲ್ಲಿಗೆ ಬೆಳಿಗ್ಗೆ, ಸಂಜೆ ಹೊತ್ತು ನಿಗದಿ ಮಾಡಿ ಶೆಡ್ಡಿನವರಿಗೆ ನೀರು ಬಿಡಿಸಿದ್ದೇನೆ ಎಂದರು. "ವಲಸಿಗರ ವಿಷಯ ಬರೆಯುತ್ತೀರಲ್ಲ, ನನ್ನ ಹೆಸರು ಹಾಕಬೇಡಿ" ಎಂದೂ ಹೇಳಿದರು. ಹಾಕಿಲ್ಲ. ಆದರೆ ಅವರ ಪ್ರಶ್ನೆಗೆ ನಾನು ಇಷ್ಟುದ್ದ ಬರೆದ ಉತ್ತರವನ್ನು ಅವರು ಒಂದು ನಲ್ಲಿ ತಿರುಗಿಸಿ ಕೊಟ್ಟಿದ್ದಾರೆ ಎಂಬುದನ್ನು ಮಾತ್ರ ಬರೆಯದೆ ಇರಲಾರೆ.